ಕೈಯಾರೆ ಏರಿಸಿದ ಚಿತ್ರ

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ಕಟ್ಟಿದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ 2020ರ ಅಕ್ಟೋಬರ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಗೆ ಬಂತು. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ ಅದು. ರಾಜಸ್ಥಾನದ ಕೋಟೆಗಳನ್ನು ನೆನಪಿಸುವ ಅಂಗಳಗಳು, ಪುರಾಣ ಹೇಳುವ ಭಿತ್ತಿಚಿತ್ರಗಳು, ನಡುನಡುವೆ ತೊಗಲುಗೊಂಬೆಯಾಟದಂಥ ದೃಶ್ಯಗಳು. ಅಂಥದೊಂದು ಗೋಡೆಯ ಮುಂದೆ ಆಟಗಾರ ಎಫ್12 ಕೀಲಿ ಒತ್ತುತ್ತಾನೆ, ಸ್ಕ್ರೀನ್‌ಶಾಟ್ ಸಿಕ್ಕಿತೆಂದು ಮುಂದೆ ಸಾಗುತ್ತಾನೆ. ಸಿಕ್ಕಿದ್ದು ನಿಜ, ಆದರೆ ಅವನ ಕಂಪ್ಯೂಟರಿನೊಳಗೆ ಮಾತ್ರ. ಅದು ಸ್ಟೀಮ್‌ನ ಅವನ ಪ್ರೊಫೈಲಿನಲ್ಲಿ ಕಾಣಬೇಕಾದರೆ ಆಮೇಲೆ ಪಟ್ಟಿ ತೆರೆದು, ಬೇಕಾದದ್ದನ್ನು ಆರಿಸಿ, ಅಡಿಬರಹ ಬರೆದು, ಯಾರ್‍ಯಾರು ನೋಡಬಹುದೆಂದು ಗುರುತು ಹಾಕಿ ಕೈಯಾರೆ ಏರಿಸಬೇಕು. ಇದೆಂಥ ತಾಪತ್ರಯ ಎನ್ನುವವರೇ ಹೆಚ್ಚು. ಇರಬೇಕಾದ ತಾಪತ್ರಯ ಎಂಬುದು ನನ್ನ ವಾದ.

ಚಿತ್ರ ತೆಗೆದಿಡುವುದೇ ಯಾಕೆ ಎಂಬುದಕ್ಕೆ ಉತ್ತರ ಪುಣೆಯಲ್ಲೇ ಇದೆ. 1964ರಲ್ಲಿ ಇಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾಗುವ ಹೊತ್ತಿಗೆ ನಮ್ಮ ಮೂಕಿಚಿತ್ರಗಳಲ್ಲಿ ಬಹುಪಾಲು ಕಳೆದುಹೋಗಿದ್ದವು. ಕೊಲ್ಹಾಪುರದಲ್ಲಿ ಚಿತ್ರೀಕರಣವಾಗಿ 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ, ಕಣ್ಣಿಗೆ ಸಿಗುವುದು ಕೆಲವು ಸ್ಥಿರಚಿತ್ರಗಳಷ್ಟೇ. ಗೇಮ್‌ಗಳ ಆಯುಸ್ಸು ಇನ್ನೂ ಕಡಿಮೆ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು, ಅಕ್ಟೋಬರ್ 30ಕ್ಕೆ ಭಾರತದ ಆಟಗಾರರಿಗೆ ಸರ್ವರ್ ಬಂದ್. ಆಟ ಹೋಯಿತು, ಗೆದ್ದಾಗ ತೆರೆಯ ಮೇಲೆ ಮೂಡುತ್ತಿದ್ದ ‘ಚಿಕನ್ ಡಿನ್ನರ್’ ಸಾಲಿನ, ಫೋನಿನ ಗ್ಯಾಲರಿಗಳಲ್ಲಿದ್ದ ಚಿತ್ರಗಳು ಹೋಗಲಿಲ್ಲ.

ಹಾಗಾದರೆ ಎಲ್ಲವನ್ನೂ ಯಂತ್ರವೇ ಏರಿಸಲಿ ಎನ್ನಬಹುದು. ಪ್ಲೇಸ್ಟೇಷನ್ 5ರಲ್ಲಿ ಆ ಅನುಕೂಲ ಇದೆ. ಆದರೆ ಹಾಗೆ ಏರಿದ ಚಿತ್ರಗಳು ಫೋನಿನ ಆ್ಯಪ್‌ನಲ್ಲಿ 14 ದಿನ ಮಾತ್ರ ಸಿಗುತ್ತವೆ. ಅವಧಿಯ ಮಾತು ಬಿಟ್ಟರೂ, ಮುನ್ನೂರು ಚಿತ್ರಗಳ ರಾಶಿಯನ್ನು ಏರಿಸಿದವನೇ ಮತ್ತೆ ನೋಡುವುದಿಲ್ಲ. ಹತ್ತನ್ನು ಆರಿಸಿದವನು ಪ್ರತಿಯೊಂದಕ್ಕೂ ಒಂದು ಕಾರಣ ಕೊಟ್ಟಿರುತ್ತಾನೆ. ಇಡೀ ಆಟವೇ ಯೂಟ್ಯೂಬಿನಲ್ಲಿ ಸಿಗುತ್ತದಲ್ಲ ಎಂಬ ಮಾತಿಗೂ ನನ್ನ ಉತ್ತರ ಇದೇ: ಅದು ಇನ್ಯಾರೋ ಆಡಿದ ಆಟ.

ಗಟ್ಟಿ ಆಕ್ಷೇಪ ಬೇರೆ ಇದೆ: ಕೈಯಾರೆ ಏರಿಸುವ ಚಿತ್ರವನ್ನು ನಂಬುವುದು ಹೇಗೆ? ವಿಂಡೋಸ್‌ನ ಪ್ರಿಂಟ್ ಸ್ಕ್ರೀನ್‌ನಿಂದಲೋ ಬೇರೆ ತಂತ್ರಾಂಶದಿಂದಲೋ ತೆಗೆದ ಹಳೆಯ ಚಿತ್ರ ಸ್ಟೀಮ್‌ನ ಪಟ್ಟಿಗೆ ತಾನಾಗಿ ಸೇರುವುದಿಲ್ಲ. ಅದಕ್ಕೆ ಆಟಗಾರರು ಕಂಡುಕೊಂಡ ಉಪಾಯ ಹೀಗಿದೆ. ಆ ಗೇಮ್ ತೆರೆದು ಎಫ್12 ಒತ್ತಿ ಒಂದು ನೆಪದ ಚಿತ್ರ ತೆಗೆಯುವುದು. ಸ್ಟೀಮ್‌ನ ‘ಯೂಸರ್‌ಡೇಟಾ’ ಫೋಲ್ಡರಿನೊಳಗೆ 760 ಎಂಬ ಫೋಲ್ಡರಿದೆ. ಅಲ್ಲಿ ಗೇಮ್‌ನ ಸಂಖ್ಯೆಯಡಿ ಆ ಚಿತ್ರ ಕೂತಿರುತ್ತದೆ, ವರ್ಷ, ತಿಂಗಳು, ದಿನ, ಗಂಟೆಗಳೆಲ್ಲ ಸೇರಿದ ಒಂದು ಉದ್ದನೆಯ ಸಂಖ್ಯೆಯೇ ಅದರ ಹೆಸರು. ಹಳೆಯ ಚಿತ್ರಕ್ಕೆ ಅದೇ ಹೆಸರಿಟ್ಟು ಅದರ ಜಾಗದಲ್ಲಿ ಕೂರಿಸಿ, ಆಮೇಲೆ ಏರಿಸುವುದು. ‘ಥಂಬ್‌ನೇಲ್ಸ್’ ಫೋಲ್ಡರಿನ ಪುಟ್ಟ ಪ್ರತಿಯನ್ನೂ ಬದಲಿಸದಿದ್ದರೆ ಪಟ್ಟಿಯಲ್ಲಿ ನೆಪದ ಚಿತ್ರವೇ ಇಣುಕುತ್ತದೆ. ಹೀಗಾದರೆ ಯಾರು ಬೇಕಾದರೂ ತಾನು ಗೆಲ್ಲದ ಆಟದ ಚಿತ್ರ ಹಾಕಿ ಮೆರೆಯಬಹುದಲ್ಲ? ಹಾಕಬಹುದು. ಆದರೆ ಸಾಧನೆಗಳ ಲೆಕ್ಕವನ್ನು ಸ್ಟೀಮ್ ಬೇರೆಯೇ ಇಡುತ್ತದೆ. ಗೆದ್ದದ್ದಕ್ಕೆ ಸ್ಕ್ರೀನ್‌ಶಾಟ್ ರಸೀದಿಯಲ್ಲ. ನನ್ನನ್ನು ಕಾಡುವ ತೊಂದರೆ ಅದಕ್ಕಿಂತ ಚಿಕ್ಕದು. ಐದು ವರ್ಷ ಹಳೆಯ ಚಿತ್ರ ಈ ಉಪಾಯದಿಂದ ಇಂದಿನ ತಾರೀಕು ಹೊತ್ತು ನಿಲ್ಲುತ್ತದೆ. ನಿಜವಾದ ವರ್ಷವನ್ನು ಅಡಿಬರಹದಲ್ಲಿ ಬರೆದರೆ ಅದಕ್ಕೂ ಪರಿಹಾರ ಸಿಕ್ಕಿತು. ತಾನೇ ಏರಿಸುವ ಯಂತ್ರ ಆ ಸಾಲು ಬರೆಯುವುದಿಲ್ಲ.

ಇನ್ನು ಪ್ರೊಫೈಲನ್ನೇ ಭಂಡಾರ ಎಂದುಕೊಳ್ಳುವುದು ಅತಿಯಾಯಿತು. ಸ್ಟೀಮ್‌ನ ಒಪ್ಪಂದದ ಪ್ರಕಾರ ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ, ಮಕ್ಕಳಿಗೂ ಇಲ್ಲ. ಅದು ಪ್ರದರ್ಶನದ ಗೋಡೆ. ಮೂಲಪ್ರತಿ ನಮ್ಮ ಡಿಸ್ಕಿನಲ್ಲೇ ಇರಬೇಕು. ಗುಣಮಟ್ಟ ಕುಗ್ಗಿಸದ ಇನ್ನೊಂದು ಪ್ರತಿಯನ್ನು ಉಳಿಸುವ ಆಯ್ಕೆ ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲೇ ಇದೆ. ಆ ಕಡತಗಳು ದೊಡ್ಡವು, ಆನ್ ಮಾಡುವ ಮುನ್ನ ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ನೋಡಿಕೊಳ್ಳಿ.