ಗಡಿಯಾಚೆಯ ಬಾವಿ, ಸರ್ಕಾರದ ಎಣ್ಣೆ

ಕೋಲಾರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪಕ್ಕದ ತೋಟದವರು ಇನ್ನೂ ಆಳಕ್ಕೆ ಬೋರ್ ಕೊರೆಸಿದರೆ ನಮ್ಮ ಬೋರ್ ಬತ್ತುತ್ತದೆ. ತೈಲ, ಅನಿಲದ ಕತೆಯೂ ಹೀಗೇ. ಅವು ನೆಲದಡಿ ದೊಡ್ಡ ಹೊಂಡವಾಗಿ ನಿಂತಿರುವುದಿಲ್ಲ. ಮರಳುಗಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಭಾರೀ ಒತ್ತಡದಲ್ಲಿ ಅಡಗಿರುತ್ತವೆ. ಬಾವಿ ತೋಡಿದ ಕಡೆ ಒತ್ತಡ ತಗ್ಗಿ, ಸುತ್ತಲಿನದೆಲ್ಲ ಅತ್ತ ಹರಿಯುತ್ತದೆ. ಮೇಲೆ ನೆಟ್ಟ ಸರ್ವೆ ಕಲ್ಲು ಅದಕ್ಕೆ ಲೆಕ್ಕಕ್ಕಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸುಪ್ರೀಂ ಕೋರ್ಟು 1889ರಲ್ಲಿ ಇವನ್ನು ಕಾಡುಪ್ರಾಣಿಗೆ ಹೋಲಿಸಿತು. ನಿಮ್ಮ ನೆಲ ದಾಟಿ ಹೋದರೆ ಒಡೆತನವೂ ಹೋಯಿತು. ಹಾಗಾಗಿ ಖಾಸಗಿ ಜಮೀನಿನವರಿಗೆ ಉಳಿದ ದಾರಿ, ತಾವೂ ಗಡಿಯಲ್ಲಿ ಬಾವಿ ಕೊರೆಸುವುದು. ಅಲ್ಲಿನ ಕೇಂದ್ರ ಸರ್ಕಾರದ ನೆಲವನ್ನು ಗುತ್ತಿಗೆ ಹಿಡಿದವರಿಗಂತೂ ಇದು ಕರ್ತವ್ಯವೇ: ರಕ್ಷಣೆಗೆಂದು ಬಾವಿ ಕೊರೆಯಬೇಕು, ಇಲ್ಲವೇ ಹರಿದುಹೋದದ್ದಕ್ಕೆ ಪರಿಹಾರದ ರಾಯಲ್ಟಿ ಕಟ್ಟಬೇಕು. ಕೊರೆದ ಖರ್ಚೂ ಹುಟ್ಟದ ಕಡೆ ಮಾತ್ರ ವಿನಾಯಿತಿ.

ಆದರೆ 'ಪಕ್ಕದವರು ಹೀರುತ್ತಿದ್ದಾರೆ' ಎಂಬ ಕೂಗನ್ನು ಅಳೆದು ನೋಡದೆ ನಂಬಬಾರದು. ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಹೊರಳುತ್ತಿದ್ದ ನೌಕಾಪಡೆಗೆಂದು ಅಮೆರಿಕ 1912ರಲ್ಲಿ ಕ್ಯಾಲಿಫೋರ್ನಿಯಾದ ಎಲ್ಕ್ ಹಿಲ್ಸ್, 1915ರಲ್ಲಿ ವಯೋಮಿಂಗಿನ ಟೀಪಾಟ್ ಡೋಮ್ ತೈಲನೆಲಗಳನ್ನು ಮೀಸಲಿಟ್ಟಿತು. ಸರ್ಕಾರಿ ಭೂಮಿಯ ಉಸ್ತುವಾರಿಯ ಸಚಿವ ಆಲ್ಬರ್ಟ್ ಫಾಲ್ 1922ರಲ್ಲಿ ಎರಡನ್ನೂ ಖಾಸಗಿಯವರಿಗೆ ಗುತ್ತಿಗೆ ಕೊಟ್ಟ. ಟೀಪಾಟ್ ಡೋಮ್ ಅನ್ನು ಟೆಂಡರ್ ಇಲ್ಲದೆ, ಗುಟ್ಟಾಗಿ. ಹೇಳಿದ ಕಾರಣ, ನೆರೆಯ ಬಾವಿಗಳ ಕಾಟ. ಆ ಭಯ ಪೂರ್ತಿ ಸುಳ್ಳೇನಲ್ಲ. ಆದರೆ ಗಡಿಯಲ್ಲಿ ಸೋರಿದರೆ ಗಡಿಯುದ್ದಕ್ಕೂ ಬಾವಿ ತೋಡಿಸಬಹುದಿತ್ತು, ಇಡೀ ಗುಡ್ಡ ಬರೆದುಕೊಡುವುದೇಕೆ? ಎಲ್ಕ್ ಹಿಲ್ಸ್ ಪಡೆದ ಎಡ್ವರ್ಡ್ ಡೊಹೆನಿ ಹಿಂದಿನ ವರ್ಷವೇ ತನ್ನ ಮಗನ ಕೈಲಿ, ಕಪ್ಪು ಚೀಲದಲ್ಲಿ, ಒಂದು ಲಕ್ಷ ಡಾಲರ್ ನಗದನ್ನು ಫಾಲ್‌ಗೆ ಕಳಿಸಿದ್ದು ಹೊರಬಿತ್ತು. ಸಾಲವಂತೆ! 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎರಡೂ ಗುತ್ತಿಗೆಗಳನ್ನು ರದ್ದು ಮಾಡಿತು. ಫಾಲ್ 1931ರಲ್ಲಿ ಜೈಲು ಸೇರಿದ. ಎಲ್ಕ್ ಹಿಲ್ಸ್‌ನಲ್ಲಿ 1944ರಲ್ಲಿ ಹಿಡಿದ ದಾರಿ ಬೇರೆ: ನೌಕಾಪಡೆಯೂ ನೆರೆಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯೂ ಇಡೀ ಕ್ಷೇತ್ರ ಒಂದೇ ಎಂದು ಒಪ್ಪಿ ಪಾಲು ಗೊತ್ತುಮಾಡಿಕೊಂಡವು.

ನಮ್ಮಲ್ಲಿ ಈ ಜಗಳ ಎದ್ದದ್ದು ಆಂಧ್ರದ ಕಡಲಲ್ಲಿ. ಸರ್ಕಾರಿ ಸ್ವಾಮ್ಯದ ಒಎನ್‌ಜಿಸಿ ಬ್ಲಾಕುಗಳ ಅನಿಲ ಪಕ್ಕದ ರಿಲಯನ್ಸ್ ಕೆಜಿ-ಡಿ6 ಬ್ಲಾಕಿಗೆ ಹರಿದಿದೆ ಎಂದು 2015ರಲ್ಲಿ ತಜ್ಞ ಸಂಸ್ಥೆಯೊಂದು ವರದಿ ಕೊಟ್ಟಿತು. ಪರಿಹಾರ ಸಲ್ಲಬೇಕಾದ್ದು ಒಎನ್‌ಜಿಸಿಗಲ್ಲ, ಸರ್ಕಾರಕ್ಕೆ ಎಂದು ಕೇಂದ್ರ ನೇಮಿಸಿದ್ದ ಎ. ಪಿ. ಶಾ ಸಮಿತಿ 2016ರಲ್ಲಿ ಹೇಳಿತು. ಸಂವಿಧಾನದ 297ನೇ ವಿಧಿಯಂತೆ ಕಡಲಡಿಯ ಸಂಪತ್ತು ಕೇಂದ್ರದ್ದು. 2018ರಲ್ಲಿ ಮಧ್ಯಸ್ಥಿಕೆ ಪೀಠ ರಿಲಯನ್ಸ್ ಪರ ತೀರ್ಪಿತ್ತಿತು. 2025ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಡಿ6ರ ಅನಿಲ ಹೊರಬರತೊಡಗಿದ್ದು 2009ರಲ್ಲಿ. ಗಡಿಯ ಆಚೀಚೆ ಇರುವುದು ಒಂದೇ ಪದರವೇ ಎಂದು ಅಳೆದು ನೋಡುವ ಕೆಲಸ ಅದಕ್ಕೂ ಮೊದಲೇ ಮುಗಿದಿರಬೇಕಿತ್ತು.