ಕುಳಿತು ಮಾಡುವ ಕೆಲಸಕ್ಕೂ ಬಿಡುವು ಬೇಕು

"ಕುರ್ಚಿಯಲ್ಲಿ ಕೂತು ಬೆರಳಾಡಿಸಿದ್ದಕ್ಕೆ ಮೈಕೈ ನೋವೇ?" ಕಂಪ್ಯೂಟರ್ ಕೆಲಸ ಮುಗಿಸಿ ಬಂದ ಮಕ್ಕಳು ಕತ್ತು ನೋಯುತ್ತದೆ ಎಂದಾಗ ನಮ್ಮ ಕೃಷಿಕರ ಮನೆಗಳಲ್ಲಿ ಕೇಳಿಬರುವ ಮಾತಿದು. ದಿನವಿಡೀ ಬಗ್ಗಿ ನೇಜಿ ನೆಟ್ಟ ಹಿರಿಯರಿಗೆ ಹಾಗೆ ಅನಿಸುವುದು ಸಹಜ. ಆದರೆ ಆ ನೋವು ಸೋಮಾರಿತನದ ನೆವವಲ್ಲ.

ನಡೆಯುವಾಗ, ಅಗೆಯುವಾಗ ನಮ್ಮ ಸ್ನಾಯುಗಳು ಬಿಗಿಯುತ್ತವೆ, ಮತ್ತೆ ಸಡಿಲಗೊಳ್ಳುತ್ತವೆ. ಸಡಿಲಗೊಂಡಾಗಲೆಲ್ಲ ಅವುಗಳಿಗೆ ರಕ್ತ ಸರಾಗವಾಗಿ ಹರಿಯುತ್ತದೆ. ಕಂಪ್ಯೂಟರಿನ ಮುಂದೆ ಕೂತಾಗ ಓಡುವುದು ಬೆರಳುಗಳು ಮಾತ್ರ. ತಲೆ, ತೋಳುಗಳನ್ನು ಒಂದೇ ಭಂಗಿಯಲ್ಲಿ ಹಿಡಿದು ನಿಲ್ಲಿಸಲು ಕತ್ತು, ಹೆಗಲು, ಬೆನ್ನಿನ ಸ್ನಾಯುಗಳು ಗಂಟೆಗಟ್ಟಲೆ ಬಿಗಿದೇ ಇರುತ್ತವೆ. ಖಾಲಿ ಚೆಂಬನ್ನು ಕೈ ಚಾಚಿ ಹಿಡಿದು ಐದು ನಿಮಿಷ ನಿಂತು ನೋಡಿ, ಭಾರವಿಲ್ಲದೆಯೂ ದಣಿವಾಗುವ ಬಗೆ ತಿಳಿಯುತ್ತದೆ.

ಇದಕ್ಕೆ ಮದ್ದು ನಮಗೆ ಹೊಸದಲ್ಲ. ಅಡಿಕೆ ಸುಲಿಯುವವರು ಮೆಟ್ಟುಕತ್ತಿ ಬಿಟ್ಟು ನಡುನಡುವೆ ಏಳುತ್ತಾರೆ, ಬೆನ್ನು ನೆಟ್ಟಗೆ ಮಾಡಿ ಬೆಲ್ಲ ನೀರು ಕುಡಿದು ಮತ್ತೆ ಕೂರುತ್ತಾರೆ. ಕಂಪ್ಯೂಟರ್ ಕೆಲಸಕ್ಕೂ ಇದೇ ಕ್ರಮ ಸಲ್ಲುತ್ತದೆ.

"ಎದ್ದರೆ ಕೆಲಸ ಹಿಂದುಳಿಯುತ್ತದಲ್ಲ?" ಎಂಬ ಅಂಜಿಕೆ ಬೇಡ. ಅಮೆರಿಕದ ಸರಕಾರಿ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ದಿನವಿಡೀ ಮಾಹಿತಿ ದಾಖಲಿಸುವ ನೌಕರರಲ್ಲಿ ಇದನ್ನು ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. 15 ನಿಮಿಷಗಳ ಎರಡು ವಿರಾಮ ಮೊದಲೇ ಇತ್ತು. ಅದರ ಜೊತೆಗೆ, ವಿರಾಮವಿಲ್ಲದ ಗಂಟೆಗಳಲ್ಲಿ 5 ನಿಮಿಷದಂತೆ ದಿನಕ್ಕೆ ಒಟ್ಟು 20 ನಿಮಿಷ ಹೆಚ್ಚಿಗೆ ಕೊಟ್ಟರು. ಮೈನೋವು, ಕಣ್ಣಿನ ಆಯಾಸ ಎರಡೂ ಕಡಿಮೆಯಾದವು. ಕೆಲಸದ ಪ್ರಮಾಣ ಮಾತ್ರ ಕುಗ್ಗಲಿಲ್ಲ.

ಆದುದರಿಂದ ಕಂಪ್ಯೂಟರ್ ಕೆಲಸದವರು ಹೀಗೆ ಮಾಡಬಹುದು:

* ನೋವು ಬರುವವರೆಗೆ ಕಾಯದೆ ಗಂಟೆಗೊಮ್ಮೆ ಎದ್ದು ಐದು ನಿಮಿಷ ನಡೆಯಿರಿ.
* ನಡುವೆ ಆಗಾಗ ಕೈಗಳನ್ನು ಇಳಿಬಿಟ್ಟು, ಹೆಗಲು ಮೇಲೆತ್ತಿ ಮೆಲ್ಲನೆ ಸಡಿಲಿಸಿರಿ.
* 20 ನಿಮಿಷಕ್ಕೊಮ್ಮೆ ಪರದೆಯಿಂದ ಕಣ್ಣು ತೆಗೆದು ದೂರದ ಮರವನ್ನೋ ಗುಡ್ಡವನ್ನೋ ನೋಡಿರಿ.
* ಬಿಡುವಿನಲ್ಲಿ ಮೊಬೈಲ್ ಹಿಡಿಯಬೇಡಿ. ಕತ್ತು ಬಗ್ಗಿಯೇ ಇದ್ದರೆ ಅದು ಬಿಡುವಲ್ಲ.

ಬೆರಳು ಜೋಮು ಹಿಡಿದರೆ, ಕೈ ಬಲಗುಂದಿದರೆ, ನೋವಿನಿಂದ ರಾತ್ರಿ ಎಚ್ಚರವಾಗುತ್ತಿದ್ದರೆ ಎಣ್ಣೆ ತಿಕ್ಕಿ ಸುಮ್ಮನಿರದೆ ವೈದ್ಯರಿಗೆ ತೋರಿಸಿರಿ.

ಹಿರಿಯರಲ್ಲಿ ನಮ್ಮದೊಂದು ಮಾತು. ಉಳುವ ಎತ್ತಿಗೂ ನೊಗ ಇಳಿಸಿ ದಣಿವಾರಿಸಿದವರು ನಾವು. ಮಗಳು ಕಂಪ್ಯೂಟರ್ ಬಿಟ್ಟೆದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಗದರಿಸದಿರೋಣ.