ಸೊಲ್ಲಾಪುರದಲ್ಲಿ ಹ್ಯಾಮ್ ರೇಡಿಯೊ: ಎಎಂನಲ್ಲಿ ಮಾತಾಡುವವರನ್ನು ಹುಡುಕುವುದು ಹೇಗೆ?

ಸೊಲ್ಲಾಪುರ ಅಂದ ಕೂಡಲೇ ಕರಾವಳಿಯ ಬಟ್ಟೆ ಅಂಗಡಿಯವರಿಗೆ ನೆನಪಾಗುವುದು ಚಾದರ, ಟವೆಲ್. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟೆಗೆ ಹೋದರೆ ಮರಾಠಿಯ ಜೊತೆಗೇ ಕನ್ನಡವೂ ಕಿವಿಗೆ ಬೀಳುತ್ತದೆ. ಈ ಗಡಿ ಭಾಗದಲ್ಲಿ ಹ್ಯಾಮ್ ರೇಡಿಯೊ ಹುಚ್ಚು ಹಿಡಿದ ಹುಡುಗನೊಬ್ಬ ಮನೆಯ ಹಳೆಯ ಶಾರ್ಟ್‌ವೇವ್ ರೇಡಿಯೊ ತಿರುಗಿಸುತ್ತಾ ಕೂತ ಅಂತ ಇಟ್ಟುಕೊಳ್ಳಿ. ಗಂಟೆಗಟ್ಟಲೆ ತಿರುಗಿಸಿದರೂ ಬರೀ ಕೊರಕೊರ ಸದ್ದು. ಹ್ಯಾಮ್‌ಗಳೆಲ್ಲ ಮುಗಿದು ಹೋದರಾ ಅಂತ ಅವನಿಗೆ ಅನಿಸಿದರೆ ತಪ್ಪಲ್ಲ.

ಆದರೆ ಅವರು ಮುಗಿದಿಲ್ಲ. ಕೇಳುವ ಜಾಗ, ಹೊತ್ತು ಮತ್ತು ವಿಧಾನ ಈ ಮೂರೂ ಸರಿಹೊಂದಿದರೆ ಮಾತ್ರ ಅವರು ಸಿಗುತ್ತಾರೆ.

ಎಎಂ ಹಿಂದೆ ಬಿದ್ದದ್ದು ಯಾಕೆ?

ಎಎಂ ವಿಧಾನದಲ್ಲಿ ಒಂದು ವಾಹಕ ಅಲೆ ಹೋಗುತ್ತದೆ. ಅದರ ಎರಡು ಬದಿಯಲ್ಲಿ ಒಂದೇ ಮಾತಿನ ಎರಡು ಪ್ರತಿಗಳು ಇರುತ್ತವೆ. ವ್ಯಾಪಾರದ ಲೆಕ್ಕದಲ್ಲಿ ಹೇಳುವುದಾದರೆ, ಧ್ವನಿ ಪೂರ್ತಿ ತುಂಬಿದಾಗಲೂ ಮೂರು ರೂಪಾಯಿ ಖರ್ಚಿನಲ್ಲಿ ಎರಡು ರೂಪಾಯಿ ವಾಹಕ ಎಂಬ ಲಾರಿ ಬಾಡಿಗೆಗೇ ಹೋಗುತ್ತದೆ. ಉಳಿದ ಒಂದು ರೂಪಾಯಿಯಲ್ಲಿ ಒಂದೇ ಸರಕು ಎರಡು ಸಲ ಲೋಡ್ ಆಗ್ತದೆ. ಎಸ್‌ಎಸ್‌ಬಿ ಎಂಬ ವಿಧಾನ ಲಾರಿಯನ್ನೂ ಎರಡನೇ ಪ್ರತಿಯನ್ನೂ ಬಿಟ್ಟು ಮಾತನ್ನಷ್ಟೇ ಕಳಿಸುತ್ತದೆ. ಅದಕ್ಕೆ ಬೇಕಾದ ಜಾಗವೂ ಎಎಂನ ಅರ್ಧದಷ್ಟೇ. ಹಾಗಾಗಿ ಲೋಕದ ಹೆಚ್ಚಿನ ಹ್ಯಾಮ್‌ಗಳು ಎಸ್‌ಎಸ್‌ಬಿಗೆ ಹೋದರು. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ 'ಬಿಟ್‌ಎಕ್ಸ್' ಸೆಟ್, ಸುಲಭವಾಗಿ ಸಿಗುವ ಬಿಡಿಭಾಗಗಳಲ್ಲೇ ಎಸ್‌ಎಸ್‌ಬಿ ಸೆಟ್ ಕಟ್ಟಬಹುದು ಎಂದು ತೋರಿಸಿಕೊಟ್ಟಿತು.

ಎಎಂಗೆ ಅದರದ್ದೇ ಗುಣ ಉಂಟು. ಧ್ವನಿ ತುಂಬಿಕೊಂಡು ಬರುತ್ತದೆ, ಸಾಮಾನ್ಯ ರೇಡಿಯೊದಲ್ಲೇ ಕೇಳುತ್ತದೆ, ಟ್ಯೂನಿಂಗ್ ಸ್ವಲ್ಪ ಆಚೀಚೆ ಆದರೂ ಮಾತು ಕೆಡುವುದಿಲ್ಲ. ವಿಮಾನದವರು ಇಂದಿಗೂ ನಿಯಂತ್ರಣ ಗೋಪುರದ ಜೊತೆ ಎಎಂನಲ್ಲೇ ಮಾತಾಡುತ್ತಾರೆ.

ಎಲ್ಲಿ ಕೇಳಬೇಕು?

ನಮ್ಮಲ್ಲಿ ಹೆಚ್ಚು ಮಾತುಕತೆ ನಡೆಯುವ ಜಾಗ 7.000ರಿಂದ 7.200 ಮೆಗಾಹರ್ಟ್ಸ್. ಇಲ್ಲಿ ಸಾಮಾನ್ಯ ರೇಡಿಯೊ ಹಿಡಿದವರಿಗೆ ಬಾತುಕೋಳಿ ಕೂಗಿದಂಥ ಸದ್ದು ಬಂದರೆ ಅದು ಎಸ್‌ಎಸ್‌ಬಿ. ಎಲ್‌ಎಸ್‌ಬಿ ಸ್ವಿಚ್ ಇರುವ ಸೆಟ್‌ನಲ್ಲಿ ಅದೇ ಸದ್ದು ಮಾತಾಗುತ್ತದೆ. ಇನ್ನು ಎಸ್‌ಎಸ್‌ಬಿ ಸೆಟ್ ತಿರುಗಿಸುವಾಗ ಸೀಟಿ ಹೊಡೆದಂತೆ ಕೇಳಿ, ಆ ಸೀಟಿ ಇಳಿದು ಇಳಿದು ಮಾಯವಾದರೆ ಅಲ್ಲೊಂದು ವಾಹಕ ಅಲೆ ಇದೆ ಅಂತ ಅರ್ಥ. ಆಗ ಎಎಂಗೆ ಬದಲಿಸಿ ನೋಡಬೇಕು.

ಹೊಸಬರು ಎಡವುವ ಜಾಗ ಎರಡು. ಒಂದು, 7.200ರ ಮೇಲೆ ಸಂಜೆ ಸಿಗುವ ಗಟ್ಟಿ ಎಎಂ ಧ್ವನಿಗಳು ಬೇರೆ ಬೇರೆ ದೇಶಗಳ ಪ್ರಸಾರ ಕೇಂದ್ರಗಳದ್ದು, ಹ್ಯಾಮ್‌ಗಳದ್ದಲ್ಲ. ಎರಡು, ಅಮೆರಿಕದ ಪಟ್ಟಿಗಳಲ್ಲಿ ಎಎಂಗೆ ಹೆಸರಾದ 7.290 ಮತ್ತು 3.885 ಭಾರತದ ಹ್ಯಾಮ್‌ಗಳಿಗೆ ಸಿಕ್ಕ ಜಾಗವೇ ಅಲ್ಲ. 14.286 ಮತ್ತು 29 ಮೆಗಾಹರ್ಟ್ಸ್‌ನ ಆರಂಭದ ಭಾಗ ನಮಗೂ ಸಿಗುತ್ತದೆ. ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ 29ರಲ್ಲಿ ಹಗಲು ಹೊತ್ತು ಹೊರದೇಶದ ಎಎಂ ಕೇಳಿಸಬಹುದು.

ಯಾವ ಹೊತ್ತಿಗೆ?

ಪುಣೆ, ಹೈದರಾಬಾದ್, ಬೆಂಗಳೂರು, ಮಂಗಳೂರು ಇವೆಲ್ಲ ಸೊಲ್ಲಾಪುರದಿಂದ ಕೆಲವೇ ನೂರು ಕಿ.ಮೀ. ದೂರ. ಈ ದೂರಕ್ಕೆ ಹಗಲಲ್ಲಿ 7 ಮೆಗಾಹರ್ಟ್ಸ್ ಒಳ್ಳೆಯದು. ಕತ್ತಲಾದ ಮೇಲೆ ಅದೇ ಅಲೆ ಹತ್ತಿರದ ಊರುಗಳನ್ನು ಹಾರಿ ದೂರ ಹೋಗಿ ಬೀಳುವುದು ಹೆಚ್ಚು. ಆಗ ಹತ್ತಿರದವರಿಗಾಗಿ 3.5 ಮೆಗಾಹರ್ಟ್ಸ್ ಕಡೆ ಇಳಿಯಬೇಕಾಗ್ತದೆ.

ಏಪ್ರಿಲ್–ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಎಎಂ ಕೇಳುವುದು ಕಷ್ಟ. ಮಿಂಚು ಕಂಡರೆ ಆಂಟೆನಾ ಕಳಚಿ ಇಡಬೇಕು.

ಮಗ್ಗದ ಊರಿನ ಗದ್ದಲ

ಸೊಲ್ಲಾಪುರ ಪವರ್‌ಲೂಮ್ ನಗರ. ಮೋಟಾರು, ಇನ್ವರ್ಟರ್, ಅಗ್ಗದ ಎಲ್‌ಇಡಿ ಬಲ್ಬು ಎಲ್ಲವೂ ರೇಡಿಯೊದಲ್ಲಿ ಗದ್ದಲ ಎಬ್ಬಿಸುತ್ತವೆ. ಎಎಂಗೆ ಈ ಗದ್ದಲ ಹೆಚ್ಚು ಅಂಟಿಕೊಳ್ಳುತ್ತದೆ. ಬ್ಯಾಟರಿ ರೇಡಿಯೊ ಹಿಡಿದು ಅಕ್ಕಲಕೋಟೆ ಕಡೆಯ ಹೊಲದ ಬದುವಿಗೆ ಹೋದರೆ ವ್ಯತ್ಯಾಸ ತಕ್ಷಣ ಗೊತ್ತಾಗ್ತದೆ. ಬಯಲು ಸೀಮೆಯಾದ್ದರಿಂದ ತಂತಿ ಕಟ್ಟಲು ಜಾಗಕ್ಕೆ ಕೊರತೆ ಇಲ್ಲ. ಒಟ್ಟು 20 ಮೀಟರ್ ತಂತಿಯನ್ನು ನಡುವೆ ಕತ್ತರಿಸಿ, ಅಲ್ಲಿಗೆ ಕೇಬಲ್ ಜೋಡಿಸಿ, ಏಳೆಂಟು ಮೀಟರ್ ಎತ್ತರಕ್ಕೆ ಕಟ್ಟಿದರೆ 7 ಮೆಗಾಹರ್ಟ್ಸ್‌ಗೆ ಸಾಕು.

ಸಂತೆ ದಿನ ಗೊತ್ತು ಮಾಡಿ

ಸಂತೆ ಇಲ್ಲದ ದಿನ ಸಂತೆಕಟ್ಟೆಗೆ ಹೋಗಿ 'ವ್ಯಾಪಾರವೇ ಇಲ್ಲ' ಅಂದರೆ ಹೇಗೆ? ಎಎಂ ಕೂಡ ಹಾಗೆಯೇ. ಸುಮ್ನೆ ತಿರುಗಿಸಿದರೆ ಸಿಗುವುದು ಅಪರೂಪ. 7 ಮೆಗಾಹರ್ಟ್ಸ್‌ನಲ್ಲಿ ಬೆಳಗಿನ ಹೊತ್ತು 'ನೆಟ್' ಎಂಬ ಹಾಜರಿ ಕೂಟಗಳು ನಡೆಯುತ್ತವೆ, ಹೆಚ್ಚಾಗಿ ಎಸ್‌ಎಸ್‌ಬಿಯಲ್ಲಿ. ಪರವಾನಗಿ ಇರುವವರು ಅಲ್ಲಿ ಹಾಜರಿ ಹಾಕಿ, 'ಎಎಂನಲ್ಲಿ ಯಾರಾದರೂ ಬರ್ತೀರಾ' ಅಂತ ಕೇಳಿ, ವಾರದ ಒಂದು ದಿನ, ಒಂದು ಹೊತ್ತು, ಖಾಲಿ ಇರುವ ಒಂದು ಜಾಗ ಗೊತ್ತು ಮಾಡಿಕೊಳ್ಳಬೇಕು. ಇಬ್ಬರು ಬಿಡದೆ ಬಂದರೆ ಮೂರನೆಯವನು ಹುಡುಕಿಕೊಂಡು ಬರ್ತಾನೆ.

ಪರವಾನಗಿ ಇಲ್ಲದೆ ಮಾತಾಡಬೇಡಿ

ಸಾಮಾನ್ಯ ಶಾರ್ಟ್‌ವೇವ್ ರೇಡಿಯೊದಲ್ಲಿ ಕೇಳಲು ಪರವಾನಗಿ ಬೇಡ. ಮಾತಾಡಲು ಬೇಕೇ ಬೇಕು. 12 ವರ್ಷ ದಾಟಿದವರು ಪರೀಕ್ಷೆ ಬರೆಯಬಹುದು. ಕೊಡುವುದು ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆ, ಅರ್ಜಿ 'ಸರಳ್ ಸಂಚಾರ್' ಪೋರ್ಟಲ್‌ನಲ್ಲಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗ್ತದೆ ಅಂತ ವಾಕಿಟಾಕಿ ತರಿಸಿ ಮಾತಾಡಿ ಕೇಸಿಗೆ ಸಿಕ್ಕಿಬೀಳುವುದು ಯಾರಿಗೂ ಬೇಡ. ಪರವಾನಗಿ ಸಿಕ್ಕಿದ ಮೇಲೂ ಸರಕಿನ ರೇಟು, ಲಾರಿ ಎಲ್ಲಿಗೆ ತಲುಪಿತು ಎಂಬ ವ್ಯಾಪಾರದ ಮಾತು ಅಲ್ಲಿ ನಿಷಿದ್ಧ.

ಕಿಲ್ಲಾರಿ ನೆನಪಿರಲಿ

ಇದೆಲ್ಲ ಬರೀ ಹವ್ಯಾಸ ಅಲ್ಲವಾ, ಮೊಬೈಲ್ ಇರುವಾಗ ಯಾಕೆ ಬೇಕು ಅಂತ ಕೇಳುವವರು ಇದ್ದಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿತು. ಮಲಗಿದ್ದವರ ಮೇಲೆ ಕಲ್ಲು–ಮಣ್ಣಿನ ಮನೆಗಳು ಕುಸಿದು ಸುಮಾರು 10 ಸಾವಿರ ಜನ ತೀರಿಕೊಂಡರು. ಕಿಲ್ಲಾರಿ ಸೊಲ್ಲಾಪುರದಿಂದ ನೇರ ದೂರದಲ್ಲಿ 100 ಕಿ.ಮೀ. ಒಳಗೇ ಇದೆ, ಅಕ್ಕಲಕೋಟೆಗೆ ಇನ್ನೂ ಹತ್ತಿರ. ಆಗ ಬೇರೆ ಊರುಗಳಿಂದ ಹ್ಯಾಮ್‌ಗಳು ಸೆಟ್ ಹೊತ್ತು ಬಂದು ಪರಿಹಾರ ಕೆಲಸದವರಿಗೆ ಸಂಪರ್ಕ ಕೊಟ್ಟರು. 2004ರ ಸುನಾಮಿಯಲ್ಲಿ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದವರಲ್ಲಿ ಪೋರ್ಟ್‌ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಎಂಬ ಹ್ಯಾಮ್ ಕೂಡ ಒಬ್ಬರು.

ಯಾವ ಹೊತ್ತಿಗೆ ಯಾವ ಜಾಗದಲ್ಲಿ ಯಾರು ಸಿಗುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಅಂಥ ದಿನ ಕೆಲಸ ಆಗ್ತದೆ. ಮಂಗಳೂರಿನಲ್ಲೂ ಹವ್ಯಾಸಿ ರೇಡಿಯೊ ಕ್ಲಬ್ ಉಂಟು. ಆಸಕ್ತಿ ಇರುವ ಯುವಕ–ಯುವತಿಯರು ಅಲ್ಲಿ ವಿಚಾರಿಸಬಹುದು. ಅದಕ್ಕೂ ಮೊದಲು ಒಂದು ತಿಂಗಳು ದಿನಾ ಬೆಳಿಗ್ಗೆ ಅರ್ಧ ಗಂಟೆ 7 ಮೆಗಾಹರ್ಟ್ಸ್ ಕೇಳಿ, ಏನು ಕೇಳಿಸಿತು, ಎಷ್ಟು ಹೊತ್ತಿಗೆ ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅರ್ಧ ಕೆಲಸ ಆದಂತೆ.